ಪಾವಟಿಗೆ ಸವೆದ ಬಂಡಿ

ನಮ್ಮ ಗದಗ ಜಿಲ್ಲೆಯ ಕಡೆ ಮೆಟ್ಟಿಲಿಗೆ ‘ಪಾವಟಿಗೆ’ ಎನ್ನುತ್ತೇವೆ. ಬೆಂಗಳೂರು-ಮೈಸೂರು ಕಡೆಯ ಓದುಗರಲ್ಲಿ ಕೆಲವರು ಈ ಶಬ್ದ ಕೇಳಿರಲಿಕ್ಕಿಲ್ಲ. ಇರಲಿ. ಈ ಲೇಖನ ಪೂರ್ತಿ ಒಂದು ಪಾವಟಿಗೆಯ ಬಗ್ಗೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಪುಟ ಯಾಕೆ ಎಂದು ಯಾರಾದರೂ ಕೇಳಬಹುದು. ಪರವೂರಿನಲ್ಲಿ ಬದುಕುವವರ ಪುಸ್ತಕ ಎಂದ ಮೇಲೆ ಊರಿನ ನೆನಪು, ರೊಟ್ಟಿ-ಶೇಂಗಾ ಹಿಂಡಿ, ಸಂಘದ ರಾಜ್ಯೋತ್ಸವ, ಮೊಮ್ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬ ಕೊರಗು, ಇವೆಲ್ಲ ಬಂದೇ ಬರುತ್ತವೆ. ಅವನ್ನು ಬಲ್ಲವರು ಬರೆದಿರುತ್ತಾರೆ. ಆದರೆ ಊರಿಗೆ ಹೋಗಬೇಕಾದರೆ ಮೊದಲು ಗಾಡಿ ಹತ್ತಬೇಕಲ್ಲ! ಹತ್ತುವ ಆ ಒಂದು ಹೆಜ್ಜೆಯ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಸಿಟ್ಟಿನಿಂದಲೇ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ನಾವಿರುವುದು ನವಿ ಮುಂಬೈನ ರಬಾಳೆಯಲ್ಲಿ. 1999ರಲ್ಲಿ ಇಲ್ಲಿಗೆ ಬಂದಾಗ ರೈಲು ಇರಲಿಲ್ಲ. ಠಾಣೆಯಿಂದ ಬರುವ ಟ್ರಾನ್ಸ್ ಹಾರ್ಬರ್ ಲೈನು ಶುರುವಾದದ್ದು 2004ರಲ್ಲಿ. ಒಂದು ಕಡೆ ಪಾರಸಿಕ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ಎಂ.ಐ.ಡಿ.ಸಿ. ಕಾರ್ಖಾನೆಗಳು. ಬ್ಯಾಂಕಿನಿಂದ 2019ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಉಳಿದೆವು. ಮಗ-ಸೊಸೆಯ ನೌಕರಿ ಐರೋಳಿಯಲ್ಲಿ, ಮತ್ತೆಲ್ಲಿಗೆ ಹೋಗುವುದು?

ನನ್ನ ಹೆಂಡತಿಗೆ ಮೊಣಕಾಲು ನೋವು. ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ದೂರದ ಮಾತು, ಕೆಳಗಿನದಕ್ಕೂ ಹೋಗಿ ಸೇರುವುದು ಕಷ್ಟ. 2023ರ ಜನವರಿಯಲ್ಲಿ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಬೇಕೆಂದು ಆಕೆಗೆ ಬಹಳ ಮನಸ್ಸಿತ್ತು. ಮದುವೆಯಾದ ಹೊಸತರಲ್ಲಿ ತೇರು ನೋಡಿ, ರಾತ್ರಿ ಪೂರ್ತಿ ಕಂಪನಿ ನಾಟಕ ನೋಡಿದ ಜಾತ್ರೆ ಅದು. ಮಗ ಹೇಳಿದ: “ಅಪ್ಪಾ, ಈ ಸಲ ಬಸ್ಸು ಬ್ಯಾಡ. ಕ್ಯಾರವಾನ್ ಬಾಡಿಗೀಗೆ ತಗೊಳ್ಳೋಣ. ಅವ್ವ ಮಲಗೊಂಡ ಬರ್ತಾಳ, ಟಾಯ್ಲೆಟ್ಟೂ ಒಳಗ ಇರ್ತದ.” 2021ರಲ್ಲಿ ಮಹಾರಾಷ್ಟ್ರ, ಕೇರಳ ಎರಡೂ ಸರಕಾರಗಳು ಕ್ಯಾರವಾನ್ ಪ್ರವಾಸದ ನೀತಿ ತಂದ ಮೇಲೆ ಇಂಥ ಗಾಡಿಗಳ ಮಾತು ಎಲ್ಲ ಕಡೆ ಕೇಳಿಬರುತ್ತಿತ್ತು. ಬಾಡಿಗೆ ಕೇಳಿ ನನ್ನ ಹಳೆಯ ಬ್ಯಾಂಕಿನ ಜೀವ ಹೌಹಾರಿತು. ಆದರೂ ಒಪ್ಪಿದೆ.

ಗಾಡಿ ಬಂತು. ದೊಡ್ಡ ವ್ಯಾನಿನ ಸೀಟುಗಳನ್ನು ತೆಗೆದು ಒಳಗೆ ಮನೆ ಮಾಡಿದ್ದರು. ಹಾಸಿಗೆ, ಫ್ರಿಜ್ಜು, ಮೈಕ್ರೋವೇವು, ಟಿ.ವಿ., ಛಾವಣಿಗೆ ನೀಲಿ ದೀಪಗಳ ಸಾಲು. ಮೊಮ್ಮಗನಿಗೆ ಅರಮನೆ ಸಿಕ್ಕಂತಾಯಿತು. ಬಾಗಿಲಿನ ಕೆಳಗೆ ಎಳೆದರೆ ಹೊರಗೆ ಬರುವ ಒಂದು ಪಾವಟಿಗೆ ಇತ್ತು. ಅದರ ಮೇಲಿನ ಚೆಕರ್ ಪ್ಲೇಟಿನ ಉಬ್ಬುಗಳು ಸವೆದು ಊಟದ ತಾಟಿನಂತೆ ನುಣ್ಣಗಾಗಿದ್ದವು. ಅಂಚು ಒಂದು ಕಡೆ ತುಕ್ಕು ಹಿಡಿದು ಬಗ್ಗಿತ್ತು. ಕಾಲಿಟ್ಟರೆ ‘ಟಕ್’ ಎಂದು ಒಂದು ಸಪ್ಪಳ. ಇದನ್ನೆಲ್ಲ ಆಮೇಲೆ ನೋಡಿದೆ. ಹೊರಡುವಾಗ ನಾನು ನೋಡಿದ್ದು ಟೈರು ಮತ್ತು ಇನ್ಶೂರೆನ್ಸ್ ಕಾಗದ. ಡ್ರೈವರು ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟು, “ಯಹ ಭೀ ಹೈ ಅಂಕಲ್” ಅಂದ.

ರಾತ್ರಿ ವಾಶಿ, ಕಳಂಬೋಲಿ ದಾಟಿ, ಎಕ್ಸ್‌ಪ್ರೆಸ್ ಹೈವೇ ಹಿಡಿದು, ಪುಣೆ, ಸಾತಾರಾ, ಕೊಲ್ಹಾಪುರ ಎಲ್ಲ ದಾಟಿದೆವು. ಬೆಳಗಿನ ಜಾವ ನಿಪ್ಪಾಣಿ ಹತ್ತಿರ ಚಹಾಕ್ಕೆ ನಿಲ್ಲಿಸಿದರು. ಮಂಜು ಬಿದ್ದು ತಗಡು ಒದ್ದೆಯಾಗಿತ್ತು. ಈಕೆ ಎಡಗೈಯಲ್ಲಿ ಬಾಗಿಲು ಹಿಡಿದು ಪಾವಟಿಗೆಯ ಅಂಚಿಗೆ ಕಾಲಿಟ್ಟಳು. ಪಾವಟಿಗೆ ಮುಂದಕ್ಕೆ ವಾಲಿತು, ಕಾಲು ಜಾರಿತು, ಬಲ ಅಂಗೈ ಊರಿ ಕೆಳಗೆ ಬಿದ್ದಳು. ಮುಂಗೈ ಮೂಳೆ ಮುರಿಯಿತು. ಬೆಳಗಾವಿಯಲ್ಲಿ ಪ್ಲಾಸ್ಟರ್ ಹಾಕಿಸಿ ಅಲ್ಲಿಂದಲೇ ವಾಪಸ್. ಆ ವರ್ಷದ ತೇರು ನಾವು ನೋಡಲಿಲ್ಲ.

ಗಾಡಿಯ ಮಾಲಕರಿಗೆ ಫೋನ್ ಮಾಡಿದೆ. ಹೆಸರು ಬರೆಯುವುದಿಲ್ಲ, ನನ್ನ ಜಗಳ ಅವರೊಬ್ಬರ ಮೇಲೆ ಅಲ್ಲ. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ಮೂರು ಮಾತು ಹೇಳಿದರು. ಒಂದು, ಪಾವಟಿಗೆ ಸ್ವಲ್ಪ ಸವೆದಿದೆ ಅಷ್ಟೇ. ಎರಡು, ಸ್ಟೂಲು ಕೊಟ್ಟಿದ್ದೆವಲ್ಲ. ಮೂರು, ವಯಸ್ಸಾದವರು ಇಳಿಯುವಾಗ ಯಾರಾದರೂ ಕೈ ಹಿಡಿದುಕೊಳ್ಳಬೇಕಿತ್ತು. ನಾನು ಬರೆಯಲು ಕೂತಿರುವುದು ಈ ಮೂರು ಮಾತುಗಳ ಮೇಲೆ. ಯಾಕೆಂದರೆ ಇದೇ ಮಾತುಗಳನ್ನು ಬಸ್ ಸ್ಟ್ಯಾಂಡಿನಲ್ಲಿ, ಬುಕಿಂಗ್ ಆಫೀಸಿನಲ್ಲಿ, ನಮ್ಮ ನೆಂಟರ ಬಾಯಲ್ಲೂ ಕೇಳಿದ್ದೇನೆ.

‘ಸ್ವಲ್ಪ ಸವೆದಿದೆ ಅಷ್ಟೇ’ ಎಂಬುದನ್ನು ಮೊದಲು ನೋಡೋಣ. ನಾನು ಎಂ.ಕಾಂ. ಓದಿದವನು. ಸವಕಳಿ ಅಂದರೆ ಏನೆಂದು ಚೆನ್ನಾಗಿ ಗೊತ್ತು. ಬಾಡಿಗೆಗೆ ಓಡಿಸುವ ಬಸ್ಸು, ಲಾರಿ, ಟ್ಯಾಕ್ಸಿಗೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಶೇಕಡಾ 30ರಂತೆ ಸವಕಳಿ ಕಳೆಯಲು ಬಿಡುತ್ತಾರೆ. ನೂರು ರೂಪಾಯಿಯ ಗಾಡಿ ಐದು ವರ್ಷಕ್ಕೆ ಪುಸ್ತಕದಲ್ಲಿ 16 ರೂಪಾಯಿ 81 ಪೈಸೆಗೆ ಇಳಿಯುತ್ತದೆ. ಗಾಡಿ ಸವೆಯುತ್ತದೆ, ಅದನ್ನು ಬದಲಿಸಲು ಮಾಲಕನ ಕೈಯಲ್ಲಿ ದುಡ್ಡು ಉಳಿಯಲಿ ಎಂಬುದೇ ಅಲ್ಲವೇ ಅದರ ಅರ್ಥ? ಹಾಗಾದರೆ ಸವಕಳಿಯನ್ನು ಲೆಕ್ಕದಲ್ಲಿ ಪಡೆದವರು ಸವೆದ ಪಾವಟಿಗೆಯನ್ನು ಮಾತ್ರ ಗಿರಾಕಿಯ ಕಾಲಿಗೆ ಬಿಡುವುದು ಯಾವ ನ್ಯಾಯ?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನೌಕರಿಯಲ್ಲಿದ್ದಾಗ ವಾಹನ ಸಾಲದ ಎಷ್ಟೋ ಗಾಡಿಗಳ ಇನ್‌ಸ್ಪೆಕ್ಷನ್ ನಾನೇ ಮಾಡಿದ್ದೇನೆ. ಚಾಸಿ ನಂಬರು, ಇಂಜಿನ್ ನಂಬರು, ಟೈರು, ಬ್ಯಾಟರಿ, ಹೈಪಾಥಿಕೇಶನ್ ಬೋರ್ಡು ಬರೆಸಿದ್ದಾರೋ ಇಲ್ಲವೋ, ಎಲ್ಲ ಬರೆದು ಸಹಿ ಹಾಕಿದ್ದೇನೆ. ಆ ಗಾಡಿ ಹತ್ತುವ ಮೆಟ್ಟಿಲು ಹೇಗಿದೆ ಎಂದು ಒಮ್ಮೆಯೂ ಬರೆಯಲಿಲ್ಲ. ಫಾರ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಬ್ಯಾಂಕಿಗೆ ಬೇಕಾಗಿದ್ದದ್ದು ಗಾಡಿ ಮಾರಿದರೆ ಎಷ್ಟು ಬರುತ್ತದೆ ಎಂಬುದು. ಹತ್ತುವ ಮುದುಕಿಯ ಮೊಣಕಾಲು ಬ್ಯಾಂಕಿನ ಸೆಕ್ಯುರಿಟಿ ಅಲ್ಲವಲ್ಲ! ಈ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ಎರಡನೆಯದು ಸ್ಟೂಲು. ಪ್ಲಾಸ್ಟಿಕ್ ಸ್ಟೂಲಿಗೆ ನಾಲ್ಕು ಸಣ್ಣ ಕಾಲು. ಮಣ್ಣಿನಲ್ಲಿ ಒಂದು ಹುಗಿಯುತ್ತದೆ, ಕಲ್ಲಿನ ಮೇಲೆ ಇನ್ನೊಂದು ಏಳುತ್ತದೆ. ಒಳಗಿನಿಂದ ಇಳಿಯುವವರಿಗೆ ಅದು ಕಾಣುವುದೂ ಇಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಒಳಗೆ ನೀಲಿ ದೀಪ ಹಾಕಿಸಿ, ಬಾಗಿಲಿಗೆ ಬಂದಾಗ ಬಚ್ಚಲಮನೆಯ ಸ್ಟೂಲು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಮೂರನೆಯ ಮಾತೇ ನನಗೆ ಹೆಚ್ಚು ನೋವು ಕೊಟ್ಟದ್ದು: ‘ಕೈ ಹಿಡಿದುಕೊಳ್ಳಬೇಕಿತ್ತು.’ ಇದಕ್ಕೆ ನನ್ನ ಅವ್ವನ ಸಂಗತಿ ಹೇಳಬೇಕು. ನಾನು 1989ರಲ್ಲಿ ಮುಂಬೈಗೆ ವರ್ಗವಾಗಿ ಬಂದೆ. ಅವ್ವ ವರ್ಷಕ್ಕೊಮ್ಮೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಗಂಟಿನಲ್ಲಿ ಕಟಕ ರೊಟ್ಟಿ, ಗುರೆಳ್ಳು ಹಿಂಡಿ. 1998ರ ನಂತರ ಬರುವುದು ಬಿಟ್ಟಳು. ಕರೆದಾಗಲೆಲ್ಲ, “ಮುಂಬೈ ನನಗ ಸೇರಂಗಿಲ್ಲಪಾ, ನೀವ ಬಂದ ಹೋಗ್ರಿ” ಅನ್ನುತ್ತಿದ್ದಳು. ನನಗೆ ಒಳಗೊಳಗೇ ಬೇಸರ. ಹೆಂಡತಿಯ ಸಂಗಡ ಏನೋ ಮನಸ್ತಾಪ ಇರಬಹುದು ಎಂದೂ ಯೋಚಿಸಿದ್ದುಂಟು. ಅವ್ವ 2006ರಲ್ಲಿ ತೀರಿಕೊಂಡಳು. ದಿನಕರ್ಮಕ್ಕೆ ಹೋದಾಗ ನನ್ನ ಅಕ್ಕ ಹೇಳಿದಳು: “ಆಕೀಗೆ ಬಸ್ಸಿನ ಪಾವಟಿಗಿ ಹತ್ತಾಕ ಆಗತಿದ್ದಿಲ್ಲೋ ತಮ್ಮಾ. ಕಡೀ ಸಲ ಕಂಡಕ್ಟರ ಹಿಂದಿನಿಂದ ನೂಕಿ ಹತ್ತಿಸಿದ್ನಂತ. ಮಂದಿ ನಕ್ಕರಂತ. ನಿನಗ ಹೇಳಬ್ಯಾಡ ಅಂದಿದ್ಲು.”

ಕಂಡಕ್ಟರ್ ಕೆಟ್ಟವನಲ್ಲ. ಸಹಾಯವನ್ನೇ ಮಾಡಿದ. ಆದರೆ ಅರವತ್ತೈದರ ಹೆಣ್ಣುಮಗಳನ್ನು ಜನರ ಮುಂದೆ ಮೂಟೆಯಂತೆ ನೂಕಿಸಿಕೊಂಡು ಹತ್ತುವ ಹಾಗೆ ಮಾಡಿದ್ದು ಆ ಪಾವಟಿಗೆಯ ಎತ್ತರ. ಅವಳಿಗೆ ಬೇಕಾಗಿದ್ದದ್ದು ಯಾರದೋ ಕೈಯಲ್ಲ, ತನ್ನ ಕಾಲಿಗೆ ನಿಲುಕುವ ಒಂದು ಮೆಟ್ಟಿಲು. ಕೈ ಹಿಡಿಯುವವರು ಇದ್ದಾಗ ಹಿಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಮೆಟ್ಟಿಲು ಕೆಟ್ಟಿರುವುದಕ್ಕೆ ಕೈಯನ್ನು ಉತ್ತರವಾಗಿ ಕೊಡುವವರು, ಒಂಟಿಯಾಗಿ ಪ್ರಯಾಣಿಸುವ ಹಕ್ಕನ್ನೇ ವಯಸ್ಸಾದವರಿಂದ ಕಿತ್ತುಕೊಳ್ಳುತ್ತಾರೆ.

ಮನೆ ಕಟ್ಟುವವರಿಗೆ ಈ ದೇಶದಲ್ಲಿ ನಿಯಮ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ 19 ಸೆಂಟಿಮೀಟರ್ ಮೀರಬಾರದು, ಸಾರ್ವಜನಿಕ ಕಟ್ಟಡದಲ್ಲಿ 15. ಕೈಯ ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಒಂದು ಟೇಪು ತೆಗೆದುಕೊಂಡು ಹೋಗಿ ಆ ಕ್ಯಾರವಾನನ್ನು ಅಳೆದೆ. ನೆಲದಿಂದ ಪಾವಟಿಗೆಗೆ 41 ಸೆಂಟಿಮೀಟರ್, ಅಲ್ಲಿಂದ ಒಳಗಿನ ನೆಲಕ್ಕೆ 27. ಒಂದು ಹೆಜ್ಜೆ ಆಳ, ಇನ್ನೊಂದು ಗಿಡ್ಡ. ಮನುಷ್ಯನ ಕಾಲು ಮೊದಲ ಹೆಜ್ಜೆಯ ಅಳತೆಯನ್ನೇ ಎರಡನೆಯದಕ್ಕೂ ಎಣಿಸುತ್ತದೆ. ಅಳತೆ ತಪ್ಪಿದಲ್ಲಿ ಎಡವುತ್ತದೆ. ನಮ್ಮ ರಸ್ತೆಗಳಿಗೆ ಗಾಡಿ ಎತ್ತರ ಇರಲೇಬೇಕು ಎಂದು ವಾದಿಸುವವರಿದ್ದಾರೆ. ಇರಲಿ, ಗಾಡಿ ಎತ್ತರವಿರಲಿ. ಅದಕ್ಕೇ ಅಲ್ಲವೇ ಎಳೆದು ಮಡಚುವ ಮೆಟ್ಟಿಲು ಇರುವುದು? ಒಂದರ ಬದಲು ಎರಡು ಮಡಿಕೆ ಹಾಕಿದರೆ ಮೂರು ಸಮನಾದ ಹೆಜ್ಜೆಗಳಾಗುತ್ತವೆ. ಬೆಂಗಳೂರಿನಲ್ಲಿ 2000ದ ದಶಕದ ಮಧ್ಯದಲ್ಲೇ ತಗ್ಗು ನೆಲದ ವೋಲ್ವೋ ಸಿಟಿ ಬಸ್ಸುಗಳು ಬಂದವು. ಗಾಳಿಯ ಸಸ್ಪೆನ್ಶನ್ ಇರುವ ಬಸ್ಸನ್ನು ಬಾಗಿಲಿನ ಕಡೆಗೆ ಒಂದಿಷ್ಟು ತಗ್ಗಿಸುವ ವ್ಯವಸ್ಥೆಯೂ ಇದೆ. ವಿದ್ಯೆ ಇಲ್ಲ ಅಂತಲ್ಲ, ಮನಸ್ಸಿಲ್ಲ.

ಇನ್ನು ದುರಸ್ತಿಯ ಕಥೆ. ನಾನು ಬಿಡದೆ ಬೆನ್ನು ಹತ್ತಿದ್ದಕ್ಕೆ ಮಾಲಕರು ‘ಸ್ಟೆಪ್ ಬದಲಾಯಿಸಿದ್ದೇವೆ, ಬಂದು ನೋಡಿ’ ಎಂದರು. ಹೋದೆ. ಹೊಳೆಯುವ ಹೊಸ ಅಲ್ಯೂಮಿನಿಯಂ ತಗಡು, ಅಂಚಿಗೆ ಹಳದಿ ಟೇಪು. ಕಣ್ಣಿಗೆ ಹಬ್ಬ. ಕಾಲಿಟ್ಟೆ. ಅದೇ ‘ಟಕ್’!

ನಮ್ಮ ರಬಾಳೆ ಎಂ.ಐ.ಡಿ.ಸಿ.ಯ ಓಣಿಯಲ್ಲಿ ಫ್ಯಾಬ್ರಿಕೇಶನ್ ಮಾಡುವ ಒಬ್ಬ ಮಿಸ್ತ್ರಿ ಇದ್ದಾನೆ. ಇಂಡಿ ತಾಲೂಕಿನವನು. ಮಾತು ಕೇಳಿ ಊರಿನವನೆಂದು ಗುರುತಾಗಿ ಪರಿಚಯವಾದದ್ದು. ಅವನನ್ನು ಕರೆದೊಯ್ದು ತೋರಿಸಿದೆ. ಅವನು ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ ಹೇಳಿದ: “ಸಾಹೇಬ್ರ, ತಗಡ ಬದಲಿ ಮಾಡ್ಯಾರ್ರಿ. ಪಿನ್ನ ಹಳೇದ ಐತಿ, ಅದರ ತೂತ ತತ್ತಿ ಆಕಾರ ಆಗೇತಿ. ಅದಕ್ಕ ವಾಲತೈತಿ. ಹಲ್ಲ ಅಳ್ಳಾಡತಿದ್ರ ಬಂಗಾರದ ಟೊಪ್ಪಿಗಿ ಹಾಕಿದ್ರ ಏನ ಬಂತ್ರಿ?”

ಆ ಮಿಸ್ತ್ರಿಯಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ಉಪಯೋಗವಾದೀತು.

ಪಾವಟಿಗೆ ಕೆಡುವುದು ಮೇಲಿನಿಂದಲ್ಲ, ಕೆಳಗಿನಿಂದ. ಗಾಲಿ ಎರಚುವ ಕೆಸರು ಕೀಲಿನಲ್ಲಿ ಕೂಡುತ್ತದೆ. ನಾಲ್ಕು ತಿಂಗಳ ಮಳೆ, ಮೇಲೆ ಖಾಡಿಯ ಉಪ್ಪುಗಾಳಿ. ಕಬ್ಬಿಣ ಒಳಗೇ ತಿಂದುಹೋಗುತ್ತದೆ. ಹೀಗಾಗಿ ಬದಲಿಸುವಾಗ ತಗಡಲ್ಲ, ಕೀಲು, ಪಿನ್ನು, ಚಾಸಿಗೆ ಹಿಡಿಸುವ ಬ್ರಾಕೆಟ್ಟು ಮೊದಲು ನೋಡಬೇಕು. ತೂತು ಅಗಲವಾಗಿದ್ದರೆ ಬುಶ್ ಹಾಕಿ ಹೊಸ ಪಿನ್ನು ಕೂಡಿಸಬೇಕು. ಅಲ್ಯೂಮಿನಿಯಂ ತಗಡನ್ನು ಕಬ್ಬಿಣದ ಚೌಕಟ್ಟಿಗೆ ನೇರವಾಗಿ ಬಡಿಯಬಾರದು; ಎರಡರ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ನಡುವೆ ರಬ್ಬರ್ ಪಟ್ಟಿ ಬೇಕು. ನೀರು ಮತ್ತು ಕೆಸರು ಕೆಳಗಿಳಿಯುವ ಹಾಗೆ ಹಲ್ಲುಳ್ಳ ಜಾಳಿಗೆಯ ಮೆಟ್ಟಿಲಾದರೆ ಇನ್ನೂ ಉತ್ತಮ. ಅಂಟಿಸುವ ಟೇಪು ಬಿಸಿಲಿಗೆ, ನೀರಿಗೆ ಅಂಚಿನಿಂದ ಏಳುತ್ತದೆ. ಎದ್ದ ಟೇಪಿಗೆ ಸೀರೆಯ ನೆರಿಗೆ, ಚಪ್ಪಲಿಯ ತುದಿ ಸಿಕ್ಕುತ್ತದೆ. ಬಾಗಿಲಿನ ಎರಡೂ ಕಡೆ ಹಿಡಿಕೆ ಬೇಕು, ಅದೂ ನೆಲದ ಮೇಲೆ ನಿಂತವರ ಕೈಗೆ ನಿಲುಕುವಷ್ಟು ಕೆಳಗೆ. ಮೆಟ್ಟಿಲಿಗೆ ಒಂದು ಸಣ್ಣ ದೀಪ. ಕಡೆಯದಾಗಿ, ಮೆಟ್ಟಿಲು ಹೊರಗಿದ್ದಾಗ ಡ್ರೈವರನ ಮುಂದೆ ಕೆಂಪು ದೀಪ ಉರಿಯಬೇಕು.

ಎಲ್ಲ ಸೇರಿ ಎಷ್ಟು ಎಂದು ಕೇಳಿದೆ. “ಒಂಬತ್ತು ಸಾವಿರದಾಗ ಗಟ್ಟಿ ಮಾಡಿಕೊಡ್ತೀನ್ರಿ,” ಎಂದ. ನನ್ನ ಹೆಂಡತಿಯ ಕೈಗೆ ಆದ ಖರ್ಚು ಇದರ ಐದು ಪಟ್ಟು. ಆಕೆಗೆ ಈಗಲೂ ಬಲಗೈಯಲ್ಲಿ ಸರಿಯಾಗಿ ರೊಟ್ಟಿ ಬಡಿಯಲು ಆಗುವುದಿಲ್ಲ. ಅದನ್ನು ಯಾವ ಲೆಕ್ಕದಲ್ಲಿ ಹಿಡಿಯಲಿ?

‘ವಯಸ್ಸಾದವರು ವಿಮಾನದಲ್ಲಿ ಹೋಗಬಹುದಲ್ಲ’ ಎಂದು ಹೇಳುವ ಬುದ್ಧಿವಂತರೂ ಇದ್ದಾರೆ. ಸರಿ, ನವಿ ಮುಂಬೈಗೂ ವಿಮಾನ ನಿಲ್ದಾಣ ಬಂತು, 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯೂ ಆಯಿತು. ಆದರೆ ವಿಮಾನ ಬಾದಾಮಿಗೆ ಇಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿದರೂ ಅಲ್ಲಿಂದ ಮುಂದೆ ನೂರು ಕಿಲೋಮೀಟರು ಯಾವುದಾದರೊಂದು ಗಾಡಿಯ ಪಾವಟಿಗೆ ಹತ್ತಲೇಬೇಕು.

ಸರಕಾರಗಳು ಏನೂ ಮಾಡಿಲ್ಲ ಎಂದು ಹೇಳಲಾರೆ. 2022ರ ಆಗಸ್ಟಿನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 75 ದಾಟಿದವರಿಗೆ ಪ್ರಯಾಣ ಪುಕ್ಕಟೆ, 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಬಹಳ ಒಳ್ಳೆಯದು. ಆದರೆ 75 ವರ್ಷದ ಅಜ್ಜಿಗೆ ಟಿಕೆಟ್ ಪುಕ್ಕಟೆ ಕೊಟ್ಟು, ಅವಳ ಸೊಂಟದೆತ್ತರಕ್ಕೆ ಬಾಗಿಲಿಟ್ಟರೆ ಕೊಟ್ಟದ್ದು ಅವಳಿಗೆ ಹೇಗೆ ಮುಟ್ಟೀತು? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾರಿಗೆಯೂ ಎಲ್ಲರಿಗೆ ನಿಲುಕುವಂತಿರಬೇಕು ಎನ್ನುತ್ತದೆ. ಮುಂಬೈಯವರಿಗೆ ಒಂದು ನೆನಪಿರಬಹುದು: 2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ಲೋಕಲ್ ಹತ್ತಲು ಹೋಗಿ, ರೈಲು ಮತ್ತು ಪ್ಲಾಟ್‌ಫಾರ್ಮಿನ ಸಂದಿಯಲ್ಲಿ ಬಿದ್ದು, ಕಾಲೇಜಿನ ಹುಡುಗಿಯೊಬ್ಬಳು ಎರಡೂ ಕೈ ಕಳೆದುಕೊಂಡಳು. ಆಮೇಲೆ ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಿತು, ಪ್ಲಾಟ್‌ಫಾರ್ಮುಗಳನ್ನು ಎತ್ತರಿಸುವ ಕೆಲಸ ವೇಗವಾಯಿತು. ಅಂದರೆ ಎತ್ತರ ಸರಿಪಡಿಸಲು ಬರುತ್ತದೆ. ಯಾರದೋ ಕೈ ಹೋಗುವವರೆಗೂ ಕಾಯಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ಕೇಳುವುದು ಬಹಳವೇನಿಲ್ಲ. ಬಾಡಿಗೆ ಗಾಡಿಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವಾಗ ಬ್ರೇಕು, ಹೆಡ್‌ಲೈಟಿನಷ್ಟೇ ಕಟ್ಟುನಿಟ್ಟಾಗಿ, ಒಬ್ಬ ದಪ್ಪ ಮನುಷ್ಯನನ್ನು ಪಾವಟಿಗೆಯ ಅಂಚಿಗೆ ನಿಲ್ಲಿಸಿ ನೋಡಲಿ. ಸಾಲ ಕೊಡುವ ಬ್ಯಾಂಕುಗಳ ಇನ್‌ಸ್ಪೆಕ್ಷನ್ ಫಾರ್ಮಿನಲ್ಲಿ ಒಂದು ಸಾಲು ಸೇರಲಿ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ಇದು ನನ್ನ ವಿನಂತಿ. ಇನ್ನು ನಾವು, ಪರವೂರಿನಿಂದ ಹಬ್ಬಕ್ಕೆ, ಜಾತ್ರೆಗೆ, ಮಣ್ಣಿಗೆ ಓಡುವವರು, ಬುಕಿಂಗ್ ಮಾಡುವಾಗ ಎ.ಸಿ. ಇದೆಯೇ, ಚಾರ್ಜಿಂಗ್ ಇದೆಯೇ ಎಂದು ಕೇಳುವ ಮೊದಲು ಪಾವಟಿಗೆ ಹೇಗಿದೆ ಎಂದು ಕೇಳೋಣ. ನಾನು ಕೇಳಲು ಶುರು ಮಾಡಿದ್ದೇನೆ. ಬಹಳ ಜನ ನಗುತ್ತಾರೆ. ವಾಶಿಯ ಒಬ್ಬ ಏಜೆಂಟ್ ಮಾತ್ರ ಹೋದ ತಿಂಗಳು ನಗಲಿಲ್ಲ. ಗಾಡಿಯ ಹತ್ತಿರ ಹೋಗಿ, ಫೋಟೋ ತೆಗೆದು ಕಳಿಸಿದ. “ಅಳತೆ?” ಅಂದೆ. ಅಳತೆಯನ್ನೂ ಕಳಿಸಿದ.

2023ರಿಂದ ಪ್ರತಿ ವರ್ಷ ಬನದ ಹುಣ್ಣಿಮೆ ಬರುತ್ತದೆ, ಹೋಗುತ್ತದೆ. ನಾನು ‘ಈ ಸಲ ಹೋಗೋಣೇನು?’ ಎಂದರೆ ಈಕೆ, “ಬ್ಯಾಡ ಬಿಡ್ರಿ, ಈಗ ಜಾತ್ರ್ಯಾಗ ಏನೈತಿ, ಬರೇ ಧೂಳ” ಅನ್ನುತ್ತಾಳೆ. ಮುಂಬೈ ಸೇರುವುದಿಲ್ಲ ಅಂದ ಅವ್ವನ ಮಾತನ್ನು ನಾನು ನಂಬಿ ಎಂಟು ವರ್ಷ ಕಳೆದೆ. ಈ ಮಾತನ್ನು ನಂಬುವುದಿಲ್ಲ. ಏಜೆಂಟ್ ಕಳಿಸಿದ ಫೋಟೋವನ್ನು ಆಕೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, “ಎರಡೂ ಕಡೆ ಹಿಡಿಕಿ ಅದಾವೇನು ಕೇಳ್ರಿ,” ಎಂದಳು.